ಲೆಕ್ಕದ ಮಾತು: ಏಳನೇ ತಾರೀಕಿಗೆ ಸಂಬಳ ಎಲ್ಲಿಂದ ತರಲಿ?

(ಓದುಗರ ಪ್ರಶ್ನೆಗಳಿಗೆ ಉತ್ತರ, ಆಗಸ್ಟ್ 2020)

ಈ ತಿಂಗಳು ಚೀಟಿ, ಮನೆ ಸಾಲ, ಆದಾಯ ತೆರಿಗೆಯ ಪ್ರಶ್ನೆ ಕಳಿಸಿದವರು ಸ್ವಲ್ಪ ಕಾಯಬೇಕು. ಕೊರೊನಾ ಲಾಕ್‌ಡೌನ್‌ನಿಂದ ಕೆಲಸ ನಿಂತು, ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಂಬಳದ್ದೇ. ಕೊಡಬೇಕಾದವರೂ ಬರೆದಿದ್ದಾರೆ, ಸಿಗದವರೂ ಬರೆದಿದ್ದಾರೆ. ನಾನು ವಕೀಲಳಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಿಗೆ ಹಾಜರಿ ಪುಸ್ತಕ, ಸಂಬಳದ ಪುಸ್ತಕ, ಪಿಎಫ್ ಚಲನ್ ಬರೆದುಕೊಂಡೇ ತಲೆ ನರೆತವಳು. ಆ ಅನುಭವದಿಂದ ಹೇಳುವ ಮಾತುಗಳಿವು.

ಪ್ರಶ್ನೆ: ಮೇಡಂ, ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಜಾಬ್‌ವರ್ಕ್ ಶೆಡ್ ಇದೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಿಷನ್ ಎರಡು, ಐದು ಲೇತ್, ಒಟ್ಟು 22 ಜನ, ತಿಂಗಳ ಸಂಬಳ 3,40,000 ರೂಪಾಯಿ. ಒಂದು ದೊಡ್ಡ ಕಂಪನಿಗೆ ಬುಷ್, ಪಿನ್ ಮಾಡಿಕೊಡುತ್ತೇವೆ. ಜನವರಿ, ಫೆಬ್ರವರಿಯ ಬಿಲ್ಲು 9 ಲಕ್ಷ ಇನ್ನೂ ಬಂದಿಲ್ಲ. ಏಪ್ರಿಲ್ ಸಂಬಳ ಕೈಯಿಂದ ಹಾಕಿ ಪೂರ್ತಿ ಕೊಟ್ಟೆ, ಮೇ ತಿಂಗಳದ್ದು ಅರ್ಧ ಕೊಟ್ಟೆ, ಜೂನ್, ಜುಲೈದು ನಿಂತಿದೆ. ಊರಿಗೆ ಹೋದ ಒಂಬತ್ತು ಜನ ವಾಪಸ್ ಬಂದಿಲ್ಲ. ಆರ್ಡರ್ ಮೊದಲಿನ ಮೂರರಲ್ಲೊಂದು ಪಾಲು ಇದೆ. ಇರುವ ಎಲ್ಲರಿಗೂ ಅರ್ಧ ಸಂಬಳ ಕೊಡಲೋ, ಆರು ಜನರನ್ನು ಮಾತ್ರ ಇಟ್ಟುಕೊಂಡು ಪೂರ್ತಿ ಕೊಡಲೋ? ಸಿಸಿ (ದಿನದ ವ್ಯವಹಾರಕ್ಕೆ ಬ್ಯಾಂಕ್ ಕೊಡುವ ಸಾಲ), ಮಿಷನ್ ಲೋನ್ ಸೇರಿ ಹಳೇ ಸಾಲ 18 ಲಕ್ಷ ಇದೆ. ಬ್ಯಾಂಕಿನವರು ಹೊಸ ಸಾಲ ಕೊಡುತ್ತೇವೆ ಅನ್ನುತ್ತಿದ್ದಾರೆ, ತೆಗೆದುಕೊಳ್ಳಲೇ?

ಉತ್ತರ: ಅರ್ಧವೋ ಪೂರ್ತಿಯೋ ಅನ್ನುವ ಮೊದಲು ಹಾಜರಿ ಪುಸ್ತಕ ತೆಗೆಯಿರಿ. ಜೂನ್, ಜುಲೈನಲ್ಲಿ ಯಾರು ಯಾವ ದಿನ ಮಿಷನ್ ಮುಂದೆ ನಿಂತಿದ್ದರೋ ಆ ದಿನಗಳ ಕೂಲಿ ಒಂದು ಲೆಕ್ಕ, ಕೆಲಸವಿಲ್ಲದೆ ಕೂತ ದಿನಗಳದ್ದು ಇನ್ನೊಂದು ಲೆಕ್ಕ. ನಿಮ್ಮ ಪತ್ರದಲ್ಲಿ ಎರಡೂ ಒಂದೇ ಗಂಟಾಗಿವೆ. ದುಡಿದ ದಿನಗಳ ದುಡ್ಡಿನಲ್ಲಿ ಚೌಕಾಸಿಗೆ ಜಾಗವಿಲ್ಲ. 1936ರ ವೇತನ ಪಾವತಿ ಕಾಯ್ದೆ ನಿಮ್ಮಂಥ ಸಣ್ಣ ಕಾರ್ಖಾನೆಗೆ ಮುಂದಿನ ತಿಂಗಳ ಏಳನೇ ತಾರೀಕಿನ ಗಡುವು ಹಾಕಿದೆ. ಕಂಪನಿ ಬಿಲ್ಲು ಕೊಡಲಿಲ್ಲ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಅದನ್ನು ಮೊದಲು ತೀರಿಸಿ, ಬೇಕಾದರೆ ಕಚ್ಚಾ ಮಾಲಿನವರಿಗೆ ಇನ್ನೊಂದು ತಿಂಗಳು ಕೈಮುಗಿಯಿರಿ.

ಕೂತ ದಿನಗಳದ್ದು ಮಾತಾಡಿಕೊಳ್ಳುವ ವಿಷಯ. ಲಾಕ್‌ಡೌನ್ ದಿನಗಳ ಸಂಬಳದ ಬಗ್ಗೆ ಜೂನ್ 12ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಮಾಲೀಕರು, ಕಾರ್ಮಿಕರು ಕೂತು ಮಾತಾಡಿಕೊಳ್ಳಲಿ, ಆಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಲಿ. ಆದರೆ ಮಾತಾಡುವುದೆಂದರೆ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸುವುದಲ್ಲ. ಶನಿವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿ, ಬರಬೇಕಾದ 9 ಲಕ್ಷದ ಬಿಲ್ಲು, ಬ್ಯಾಂಕ್ ಪಾಸ್‌ಪುಸ್ತಕ, ಶೆಡ್ ಬಾಡಿಗೆ ಚೀಟಿ ಮೇಜಿನ ಮೇಲಿಡಿ. ಬಹಳ ಮಾಲೀಕರಿಗೆ ಇದು ಮರ್ಯಾದೆ ಪ್ರಶ್ನೆ. ಹುಡುಗರಿಗೆ ಲೆಕ್ಕ ತೋರಿಸಿದರೆ ತಲೆ ಮೇಲೆ ಕೂರುತ್ತಾರೆ ಅನ್ನುವ ಭಯ. ನಾನು ಕಂಡಂತೆ ಲೆಕ್ಕ ಮುಚ್ಚಿಟ್ಟ ಕಡೆಯೇ ಜಗಳ ಜಾಸ್ತಿ. ಗೇಟಿನ ಹತ್ತಿರ ಯಾವ ಕಾರು ನಿಂತಿದೆ, ಅದಕ್ಕೆ ಯಾವಾಗ ಹೊಸ ಟಯರ್ ಬಂತು ಅನ್ನುವುದು ಹೆಲ್ಪರ್‌ಗೂ ಗೊತ್ತಿರುತ್ತದೆ.

ಎಲ್ಲರಿಗೂ ಅರ್ಧ ಅನ್ನುವುದು ಕಿವಿಗೆ ನ್ಯಾಯದಂತೆ ಕೇಳುತ್ತದೆ, ಲೆಕ್ಕದಲ್ಲಿ ಅಲ್ಲ. 24,000 ತೆಗೆದುಕೊಳ್ಳುವ, ಮಿಷನ್ ಸಜ್ಜು ಮಾಡುವ ಸೆಟ್ಟರ್ 12,000ದಲ್ಲಿ ಹೇಗೋ ತಿಂಗಳು ನೂಕುತ್ತಾನೆ. 11,000ದ ಹೆಲ್ಪರ್ 5,500 ತೆಗೆದುಕೊಂಡರೆ ಲಗ್ಗೆರೆಯ ಒಂದು ರೂಮಿನ ಬಾಡಿಗೆ ಕಟ್ಟಿ ಉಳಿಯುವುದೇನು? ಕೆಳಗಿನವರನ್ನು ಮುಟ್ಟಬೇಡಿ, ಮೇಲಿನಿಂದ ಇಳಿಸುತ್ತಾ ಬನ್ನಿ. ನಿಮ್ಮ ಮನೆ ಖರ್ಚಿಗೆ ಶೆಡ್‌ನಿಂದ ತೆಗೆಯುವ ದುಡ್ಡು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರಲಿ. ಆರು ಜನರನ್ನು ಇಟ್ಟುಕೊಂಡು ಉಳಿದವರನ್ನು ಕಳಿಸುವುದೂ ನನಗೆ ಒಪ್ಪಿಗೆಯಿಲ್ಲ. ಹದಿಮೂರು ಜನರನ್ನು ಎರಡು ತಂಡ ಮಾಡಿ ವಾರ ಬಿಟ್ಟು ವಾರ ಕರೆಯಿರಿ. ಬಂದ ವಾರಕ್ಕೆ ಪೂರ್ತಿ ಕೂಲಿ, ಬಾರದ ವಾರಕ್ಕೆ ಒಪ್ಪಿಕೊಂಡಷ್ಟು. ಒಪ್ಪಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ, ನೀವೂ ಹಾಕಿ. ಡ್ರಾಯಿಂಗ್ ನೋಡಿ ಟೂಲ್ ಕಟ್ಟುವ ಕೈ ಒಮ್ಮೆ ಹೋದರೆ ದೀಪಾವಳಿ ಹೊತ್ತಿಗೆ ಆರ್ಡರ್ ಬಂದಾಗ ಎಲ್ಲಿ ಹುಡುಕುತ್ತೀರಿ?

ಹಾಗೂ ಕಳಿಸಲೇಬೇಕಾದರೆ ಬಾಯಿಮಾತಿನಲ್ಲಿ ‘ನಾಳೆಯಿಂದ ಬರಬೇಡ’ ಅನ್ನುವಂತಿಲ್ಲ. ವರ್ಷ ತುಂಬಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪರಿಹಾರ. ಐದು ವರ್ಷ ದಾಟಿದ್ದರೆ ಗ್ರಾಚ್ಯುಟಿ ಬೇರೆ. ಇದನ್ನೆಲ್ಲ ಕೂಡಿಸಿ ನೋಡಿದರೆ ಎಷ್ಟೋ ಸಲ ಇಟ್ಟುಕೊಳ್ಳುವುದೇ ಅಗ್ಗ.

ಈಗ ನಿಮ್ಮ ನಿಜವಾದ ರೋಗಕ್ಕೆ ಬರೋಣ, ಆ 9 ಲಕ್ಷ. ಅದು ಬಂದಿದ್ದರೆ ನೀವು ನನಗೆ ಪತ್ರ ಬರೆಯುತ್ತಲೇ ಇರಲಿಲ್ಲ. ಸಣ್ಣ ಉದ್ದಿಮೆಗಳ ರಕ್ಷಣೆಗೆಂದು ಎಂಎಸ್‌ಎಂಇ ಕಾಯ್ದೆ ಬಂದು 14 ವರ್ಷವಾಯಿತು. ಬರೆದುಕೊಂಡ ಕರಾರಿದ್ದರೂ 45 ದಿನದೊಳಗೆ ಸಣ್ಣ ಘಟಕದ ದುಡ್ಡು ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಆಗಸ್ಟ್ 2020ರಲ್ಲಿ ಆ ದರ 4.25 ಪರ್ಸೆಂಟ್. ಮೂರು ಪಟ್ಟು ಅಂದರೆ 12.75, ನಿಮ್ಮ 9 ಲಕ್ಷಕ್ಕೆ ತಿಂಗಳಿಗೆ ಒಂಬತ್ತೂವರೆ ಸಾವಿರ. ಇಂಥ ಬಾಕಿಗೆಂದೇ ಕೇಂದ್ರ ಸರ್ಕಾರ ಮಾಡಿರುವ ಸಮಾಧಾನ್ ಎಂಬ ವೆಬ್‌ಸೈಟಿನಲ್ಲಿ ದೂರು ಹಾಕಬಹುದು. ನೀವು ಹಾಕುವುದಿಲ್ಲ ಅಂತಲೂ ನನಗೆ ಗೊತ್ತು. ಹಾಕಿದ ಮರುದಿನ ಆರ್ಡರ್ ಪಕ್ಕದ ಶೆಡ್‌ಗೆ ಹೋಗುತ್ತದೆ ಅನ್ನುವ ಹೆದರಿಕೆ, ಅದು ಸುಳ್ಳೂ ಅಲ್ಲ.

ಅದಕ್ಕೇ ಮೊದಲು ಮೆತ್ತಗಿನ ದಾರಿ. ಪರ್ಚೇಸ್ ಮ್ಯಾನೇಜರಿಗೆ ಫೋನ್ ಮಾಡುವುದು ಬಿಡಿ, ಅವರು ‘ಮುಂದಿನ ವಾರ’ ಅನ್ನುವುದಕ್ಕೇ ಇರುವವರು. ಅಕೌಂಟ್ಸ್‌ನಲ್ಲಿ ಬಿಲ್ ಎಂಟ್ರಿ ಮಾಡುವ ಹುಡುಗಿಯನ್ನು ಹಿಡಿಯಿರಿ. ಬಿಲ್ಲುಗಳನ್ನು ಒಂದೊಂದಾಗಿ ಓದಿ, ಯಾವುದು ಪಾಸಾಗಿದೆ, ಯಾವುದು ಸ್ಟೋರ್‌ನಲ್ಲೇ ನಿಂತಿದೆ ಕೇಳಿ. ಹತ್ತರಲ್ಲಿ ಮೂರಾದರೂ ಮಾಲು ಇಳಿಸಿಕೊಂಡ ಚಲನ್ ಮೇಲೆ ಸೀಲಿಲ್ಲ, ಪಿಓ (ಖರೀದಿ ಆರ್ಡರ್) ನಂಬರ್ ತಪ್ಪಿದೆ ಅನ್ನುವ ಕಾರಣಕ್ಕೆ ಮಲಗಿರುತ್ತವೆ. ಲಾಕ್‌ಡೌನ್‌ನಲ್ಲಿ ಅವನ್ನು ಎಬ್ಬಿಸುವವರೇ ಇರಲಿಲ್ಲ. ಆಮೇಲೆ ಒಂದು ಇಮೇಲ್ ಹಾಕಿ: ಬಿಲ್ ತಾರೀಕಿನಿಂದ 180 ದಿನದೊಳಗೆ ನಮಗೆ ಹಣ ಕೊಡದಿದ್ದರೆ ನೀವು ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಗುತ್ತದೆ, ದಯವಿಟ್ಟು ಗಮನಿಸಿ. ಅಷ್ಟೇ ಸಾಕು. ಜನವರಿ, ಫೆಬ್ರವರಿ ಬಿಲ್ಲುಗಳಿಗೆ ಆ ಗಡುವು ಸರಿಯಾಗಿ ಈಗ ಬರುತ್ತಿದೆ. ಆ ಬಿಲ್ಲುಗಳ ಜಿಎಸ್‌ಟಿಯನ್ನು ನೀವು ಆಗಲೇ ಕೈಯಿಂದ ಕಟ್ಟಿ ಕೂತಿದ್ದೀರಿ, ಅವರು ಅದನ್ನೇ ಕ್ರೆಡಿಟ್ ಅಂತ ತಮ್ಮ ತೆರಿಗೆಯಲ್ಲಿ ಮುರಿದುಕೊಂಡಾಗಿದೆ. ಕೇಳಲು ಸಂಕೋಚವೇಕೆ?

ಇನ್ನು ಬ್ಯಾಂಕಿನ ಸಾಲ. ಅದು ಕೇಂದ್ರ ಸರ್ಕಾರದ 3 ಲಕ್ಷ ಕೋಟಿಯ ಗ್ಯಾರಂಟಿ ಸಾಲ. ಫೆಬ್ರವರಿ 29ಕ್ಕೆ ನಿಮ್ಮ ಹಳೇ ಸಾಲದ ಬಾಕಿ ಎಷ್ಟಿತ್ತೋ ಅದರ 20 ಪರ್ಸೆಂಟ್ ಸಿಗುತ್ತದೆ. ಹೊಸದಾಗಿ ಅಡಮಾನ ಕೇಳುವಂತಿಲ್ಲ. ನಿಮ್ಮ ಸಿಸಿ, ಮಿಷನ್ ಲೋನ್ ಸೇರಿ 18 ಲಕ್ಷ ಎಂದು ಬರೆದಿದ್ದೀರಿ, ಹಾಗಾದರೆ 3,60,000. ಮೊದಲಿನ ಒಂದು ತಿಂಗಳ ಸಂಬಳಕ್ಕೆ ಸರಿಹೋಯಿತು. ಬಡ್ಡಿ ಹೆಚ್ಚೆಂದರೆ 9.25. ಮೊದಲ ವರ್ಷ ಅಸಲು ಕಟ್ಟಬೇಕಿಲ್ಲ, ಆದರೆ ಬಡ್ಡಿ ತಿಂಗಳಿಗೆ 2,775 ಕಟ್ಟಲೇಬೇಕು. ಇದನ್ನು ಬಹಳ ಜನ ಮರೆಯುತ್ತಿದ್ದಾರೆ. ತೆಗೆದುಕೊಳ್ಳಿ. ದುಡಿದ ದಿನಗಳ ಬಾಕಿ ಕೂಲಿ ಅದರಲ್ಲಿ ತೀರಿಸಿ, ಉಳಿದದ್ದನ್ನು ಈಗಿರುವ ಆರ್ಡರ್ ಮುಗಿಸಲು ಬಳಸಿ. ಹಳೇ ಸಾಲದ ಕಂತು ಮುಂದೂಡಿದ ಅವಧಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ ಲೆಕ್ಕ ಹಾಕುವಾಗ ಆ ಕಂತನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಯಜಮಾನರು ಪ್ಲಾಸ್ಟಿಕ್ ಮೌಲ್ಡಿಂಗ್ ಕಾರ್ಖಾನೆಯಲ್ಲಿ ಏಳು ವರ್ಷದಿಂದ ಇದ್ದಾರೆ. ಅಲ್ಲಿ ಸುಮಾರು ಮೂವತ್ತು ಜನ, ಹೆಚ್ಚೂಕಡಿಮೆ ಎಲ್ಲರದೂ 15,000ದೊಳಗಿನ ಸಂಬಳ. ಚೀಟಿಯಲ್ಲಿ ಪಿಎಫ್ ಅಂತ ತಿಂಗಳಿಗೆ 1,620 ಹಿಡಿಯುತ್ತಾರೆ, ಆದರೆ ಮಾರ್ಚ್‌ನಿಂದ ಪಾಸ್‌ಬುಕ್‌ನಲ್ಲಿ ಏನೂ ಬಿದ್ದಿಲ್ಲ. ಓನರ್ ಒಳ್ಳೆಯವರು, ಮಗಳ ಬಾಣಂತನಕ್ಕೆ ದುಡ್ಡು ಕೊಟ್ಟಿದ್ದರು. ಕೇಳಿದರೆ ಕೆಲಸ ಹೋಗುತ್ತದೇನೋ ಅಂತ ಭಯ. ಹೆಸರು ಹಾಕಬೇಡಿ. (ಸುಂಕದಕಟ್ಟೆ)

ಉತ್ತರ: ತಾಯಿ, ಹಿಡಿದ ಪಿಎಫ್ ಓನರ್ ದುಡ್ಡಲ್ಲ, ನಿಮ್ಮದು. ಕಾರ್ಮಿಕನಿಂದ ಹಿಡಿದು ಕಟ್ಟದೆ ಇಟ್ಟುಕೊಂಡರೆ ಕಾನೂನು ಅದನ್ನು ನಂಬಿಕೆ ದ್ರೋಹ ಅನ್ನುತ್ತದೆ, ಕ್ರಿಮಿನಲ್ ಕೇಸು. ಬಾಣಂತನಕ್ಕೆ ಕೊಟ್ಟ ಒಳ್ಳೆಯತನವನ್ನು ಇದಕ್ಕೆ ವಜಾ ಹಾಕಿಕೊಳ್ಳಲು ಬರುವುದಿಲ್ಲ.

ಆದರೆ ಈ ಸಲ ಜಗಳವಿಲ್ಲದೆ ಬಿಡಿಸಿಕೊಳ್ಳುವ ದಾರಿಯಿದೆ. ನೂರು ಜನರೊಳಗಿನ, ಅವರಲ್ಲಿ 90 ಪರ್ಸೆಂಟ್ ಜನರ ಸಂಬಳ 15,000ಕ್ಕಿಂತ ಕಡಿಮೆಯಿರುವ ಕಡೆ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಾರ್ಮಿಕನ 12 ಪರ್ಸೆಂಟ್, ಮಾಲೀಕನ 12 ಪರ್ಸೆಂಟ್, ಎರಡೂ ಪಾಲನ್ನು ಕೇಂದ್ರ ಸರ್ಕಾರವೇ ತುಂಬುತ್ತಿದೆ. ನೀವು ಬರೆದದ್ದು ಸರಿಯಿದ್ದರೆ ಆ 1,620 ಹಿಡಿಯುವ ಅಗತ್ಯವೇ ಇರಲಿಲ್ಲ. ಮಾಲೀಕರು ಮಾಡಬೇಕಾದ್ದು ಇಷ್ಟೇ, ಸಂಬಳ ಕೊಟ್ಟೆ ಎಂದು ಘೋಷಿಸಿ ತಿಂಗಳ ಪಿಎಫ್ ರಿಟರ್ನ್ ಹಾಕುವುದು. ಕೈಯಲ್ಲಿ ದುಡ್ಡಿಲ್ಲ ಅಂತ ರಿಟರ್ನ್ ಹಾಕುವುದನ್ನೇ ನಿಲ್ಲಿಸಿರುವ ಮಾಲೀಕರನ್ನು ನಾನೇ ನೋಡಿದ್ದೇನೆ. ದುಡ್ಡೇ ಬೇಡದ ಕಡೆ ದುಡ್ಡಿಲ್ಲ ಅಂತ ಕೂತಿದ್ದರು! ನಿಮ್ಮವರಿಗೆ ಈ ಪುಟ ಹರಿದು ಕೊಡಿ, ಅಲ್ಲಿ ಲೆಕ್ಕ ಬರೆಯುವವರ ಮೇಜಿನ ಮೇಲಿಟ್ಟು ಬರಲಿ. ಜಗ್ಗದಿದ್ದರೆ ಪಾಸ್‌ಬುಕ್, ಸಂಬಳದ ಚೀಟಿಗಳ ನಕಲು ಇಟ್ಟುಕೊಂಡು ಪಿಎಫ್ ಕಚೇರಿಗೆ ದೂರು ಕೊಡಿ. ಮನೆ ನಡೆಸಲು ತೀರಾ ಕಷ್ಟವಿದ್ದರೆ ಹಿಂದೆ ಕೂಡಿರುವ ಪಿಎಫ್‌ನಲ್ಲಿ 75 ಪರ್ಸೆಂಟ್ ಅಥವಾ ಮೂರು ತಿಂಗಳ ಸಂಬಳ, ಯಾವುದು ಕಡಿಮೆಯೋ ಅಷ್ಟನ್ನು ಕೊರೊನಾ ಕಾರಣಕ್ಕೆ ತೆಗೆಯಬಹುದು, ವಾಪಸ್ ಕಟ್ಟಬೇಕಿಲ್ಲ.

ಪ್ರಶ್ನೆ: ಪೂರ್ತಿ ಸಂಬಳ ಕೊಡಿ ಎಂದು ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಆದೇಶ ಹೊರಡಿಸಿತ್ತು, ಹೆದರಿ ಕೊಟ್ಟೆವು. ಈಗ ಕೋರ್ಟ್ ಕೊಡಬೇಕಿಲ್ಲ ಅಂದಿದೆಯಂತೆ. ಕೊಟ್ಟದ್ದನ್ನು ಮುಂದಿನ ಸಂಬಳದಲ್ಲಿ ಮುರಿದುಕೊಳ್ಳಬಹುದೇ? (ರಾಜಾಜಿನಗರ)

ಉತ್ತರ: ಕೋರ್ಟ್ ಹಾಗೆ ಅಂದಿಲ್ಲ. ಕೊಡಲಾಗದವರ ಮೇಲೆ ಸದ್ಯ ಬಲವಂತದ ಕ್ರಮ ಬೇಡ ಅಂದಿದೆ. ಆ ಆದೇಶವನ್ನು ಮೇ 18ರಿಂದ ಸರ್ಕಾರವೇ ವಾಪಸ್ ತೆಗೆದುಕೊಂಡಿದೆ. ಕೊಟ್ಟ ಸಂಬಳವನ್ನು ಸಾಲವೆಂದು ಬರೆದು ವಸೂಲಿ ಮಾಡಲು ನಾಲ್ಕು ತಿಂಗಳ ಮೇಲೆ ನೆನಪಾಯಿತೇ? ಮುರಿಯಬೇಡಿ.

ಪ್ರಶ್ನೆ: ಅಕ್ಕಾರ, ಧಾರವಾಡದಾಗ ನಂದೊಂದು ಸಣ್ಣ ಖಾನಾವಳಿ ಐತ್ರಿ. ಕಾಲೇಜು ಹುಡುಗ್ರ ನಮಗ ಗಿರಾಕಿ. ಮಾರ್ಚ್‌ದಾಗ ಎಲ್ಲಾರೂ ಊರಿಗೆ ಹೋದ್ರು. ರೊಟ್ಟಿ ಬಡಿಯೋ ನಾಲ್ಕು ಮಂದಿ ಹೆಣ್ಮಕ್ಕಳು ಹತ್ತು ವರ್ಷದಿಂದ ಅದಾರ. ಇಬ್ಬರಿಗೆ ಗಂಡ ಇಲ್ಲ. ಪಂಚಮಿಗಾದ್ರೂ ಪಗಾರ ಕೊಡೂಣಂತ ನನ್ನ ಬಂಗಾರದ ಪಾಟ್ಲಿ ಅಡ ಇಡಬೇಕಂತ ಮಾಡೀನಿ. ನಮ್ಮ ಮನಿಯವ್ರು ಬ್ಯಾಡಂತಾರ. ನೀವೇನಂತೀರಿ?

ಉತ್ತರ: ನಿಮ್ಮ ಪತ್ರ ನನ್ನ ಕೈ ಸೇರುವಷ್ಟರಲ್ಲಿ ಪಂಚಮಿ ಮುಗಿದಿತ್ತು. ಇಟ್ಟೇಬಿಟ್ಟಿದ್ದೀರೋ ಏನೋ. ಇಟ್ಟಿಲ್ಲದಿದ್ದರೆ ನಿಮ್ಮ ಮನೆಯವರ ಮಾತಿಗೆ ಅರ್ಧ ಒಪ್ಪುತ್ತೇನೆ. ಸುಮ್ಮನೆ ಪಗಾರ ಹಂಚಲು ಪಾಟ್ಲಿ ಇಡಬೇಡಿ. ಕಾಲೇಜು ಯಾವಾಗ ತೆರೆಯುತ್ತದೆ ಯಾರಿಗೂ ಗೊತ್ತಿಲ್ಲ. ಎರಡು ತಿಂಗಳಲ್ಲಿ ಆ ದುಡ್ಡು ಮುಗಿದರೆ ಬಂಗಾರವೂ ಇಲ್ಲ, ಖಾನಾವಳಿಯೂ ಇಲ್ಲ.

ಜೋಳ, ಶೇಂಗಾ, ಗುರೆಳ್ಳು ಕೊಳ್ಳಲು ಬೇಕಾದಷ್ಟಕ್ಕೆ ಒಂದೇ ಪಾಟ್ಲಿ ಇಡಿ. ಬಿಸಿ ರೊಟ್ಟಿ ತಿನ್ನುವ ಹುಡುಗರು ಇಲ್ಲದಿರಬಹುದು, ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದಲ್ಲ. ಬೆಂಗಳೂರು, ಪುಣೆಯಿಂದ ಕೆಲಸ ಮನೆಗೇ ಬಂದು ಧಾರವಾಡ, ಹುಬ್ಬಳ್ಳಿಯಲ್ಲಿ ಕೂತಿರುವ ಮಕ್ಕಳ ತಾಯಂದಿರಿಗೆ ದಿನಾ ರೊಟ್ಟಿ ಬಡಿದು ಸಾಕಾಗಿದೆ. ನಿಮ್ಮ ಓಣಿಯಿಂದಲೇ ಶುರುಮಾಡಿ. ಇಪ್ಪತ್ತೈದು ರೊಟ್ಟಿಯ ಕಟ್ಟು, ಜೊತೆಗೆ ಕಾಲು ಕಿಲೋ ಶೇಂಗಾ ಚಟ್ನಿ. ಹೆಣ್ಮಕ್ಕಳಿಗೆ ಈಗ ತಿಂಗಳ ಪಗಾರ ಅನ್ನಬೇಡಿ. ರೊಟ್ಟಿ ಲೆಕ್ಕದಲ್ಲಿ, ಅದೂ ಮಾರಾಟದ ದಿನವೇ ಸಂಜೆ ಕೊಡಿ, ಮಾರಾಟವಾಗದ ರೊಟ್ಟಿಗೂ ಕೂಲಿ ಸೇರಿಸಿ. ನಾಲ್ವರೂ ಒಟ್ಟಿಗೆ ಬೇಡ, ಇಬ್ಬಿಬ್ಬರು ದಿನ ಬಿಟ್ಟು ದಿನ ಬರಲಿ, ಗಂಡನಿಲ್ಲದ ಇಬ್ಬರಿಗೆ ವಾರದಲ್ಲಿ ಒಂದು ದಿನ ಜಾಸ್ತಿ ಇರಲಿ. ಉಳಿದಿಬ್ಬರಿಗೆ ಅದರ ಕಾರಣ ಎದುರೇ ಹೇಳಿಬಿಡಿ, ಹಿಂದಿನಿಂದ ಬೇಡ. ಜೋಳದ ಬೆಲೆ, ಕಟ್ಟಿಗೆ ಅಥವಾ ಗ್ಯಾಸು, ಕೂಲಿ ಮೂರನ್ನೂ ಬರೆದಿಟ್ಟು ಒಂದು ಕಟ್ಟಿಗೆ ಎಷ್ಟು ಬಿತ್ತು ಅಂತ ನನಗೆ ಕಳಿಸಿ, ದರ ಎಷ್ಟಿಡಬೇಕು ಅಂತ ನೋಡಿ ಹೇಳುತ್ತೇನೆ.