ಕಪ್ಪು ಬಟ್ಟೆಗೆ ಯಾವ ದಾರ ಒಪ್ಪುತ್ತೆ?

ಪ್ರಶ್ನೆ: ಮೇಡಂ, ಕಪ್ಪು ಕಾಟನ್ ದುಪಟ್ಟಾ ಮೇಲೆ ಕಸೂತಿ ಹಾಕ್ತಿದ್ದೇನೆ. ಕಡುಗೆಂಪು, ಕಡುಹಸಿರು, ನೇರಳೆ ದಾರ ತಂದಿದ್ದೆ. ಅಂಗಡಿಯಲ್ಲಿ ಮೂರನ್ನೂ ಒಟ್ಟಿಗೆ ಹಿಡಿದಾಗ ತುಂಬಾ ಚೆನ್ನಾಗಿತ್ತು. ಈಗ ಒಂದು ಗೋಪುರದ ಚಿತ್ತಾರ ಮುಗಿದಿದೆ, ಸ್ವಲ್ಪ ದೂರ ನಿಂತರೆ ಏನೂ ಕಾಣಲ್ಲ. ಎಲ್ಲಾ ಬಿಚ್ಚಬೇಕಾ?
– ಓದುಗರೊಬ್ಬರು, ಗದಗ

ಉತ್ತರ: ಬಿಚ್ಚಬೇಡಿ. ನಿಮ್ಮ ಬಣ್ಣಗಳು ಒಂದಕ್ಕೊಂದು ಹೊಂದುತ್ತವೆ, ಆದರೆ ಮೂರೂ ಕಡು, ಬಟ್ಟೆಯೂ ಕಪ್ಪು. ಬಣ್ಣ ಆರಿಸುವಾಗ ನಾವು ಕೆಂಪಾ ಹಸಿರಾ ಅಂತ ಮಾತ್ರ ನೋಡ್ತೇವೆ, ಅಲ್ವಾ? ದೂರದಿಂದ ಕಣ್ಣಿಗೆ ಮೊದಲು ಬೀಳುವುದು ಯಾವುದು ತಿಳಿ, ಯಾವುದು ಕಡು ಅನ್ನೋದು. ಅದರಲ್ಲೂ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಅಂದರೆ ಬರೀ ಸಣ್ಣ ಗೆರೆಗಳು, ನಡುವೆ ಕಾಣುವುದೆಲ್ಲ ಬಟ್ಟೆಯ ಕಪ್ಪೇ, ಹಾಗಾಗಿ ಲಡಿಯಲ್ಲಿ ಹೊಳೆಯುವ ಬಣ್ಣ ಬಟ್ಟೆಗಿಳಿದ ಮೇಲೆ ಮಂಕಾಗುತ್ತೆ.

ಈಗ ಗೋಪುರದ ಹೊರಗೆರೆಯ ಪಕ್ಕದಲ್ಲೇ ಕೇಸರಿ ಅಥವಾ ಹಾಲುಬಿಳಿ ದಾರದಲ್ಲಿ ಒಂದು ಸಾಲು ಗವಂತಿ ಹಾಕಿ. ಒಳಗಿನ ಕಡುಗೆಂಪು ಹಾಗೇ ಇರಲಿ, ಅದಕ್ಕೂ ಕಳೆ ಬರುತ್ತೆ. ಕಡುಹಸಿರಿನ ಬದಲು ಗಿಳಿಹಸಿರು ತನ್ನಿ. ಮೂರನ್ನೂ ಸಮಸಮ ಬಳಸಬೇಡಿ. ಒಂದು ಜಾಸ್ತಿ, ಇನ್ನೊಂದು ಅದರ ಅರ್ಧ, ಮೂರನೆಯದು ಅಲ್ಲಲ್ಲಿ ಚೂರು ಸಾಕು. ಕಪ್ಪು ಚಂದ್ರಕಾಳಿ ಸೀರೆ ಮೇಲಿನ ಹಳೇ ಕಸೂತಿ ಸಿಕ್ಕರೆ ಹತ್ತಿರದಿಂದ ನೋಡಿ, ಕೇಸರಿ ಎಷ್ಟು ಕೆಲಸ ಮಾಡುತ್ತೆ ಅಂತ ಗೊತ್ತಾಗುತ್ತೆ.

ಮುಂದಿನ ಸಲ ಅಂಗಡಿಗೆ ಬಟ್ಟೆಯ ತುಂಡು ಒಯ್ಯಿರಿ. ಇಡೀ ಲಡಿ ಇಟ್ಟು ನೋಡಬೇಡಿ, ಒಂದೆರಡು ಎಳೆ ಬಿಡಿಸಿ ಬಟ್ಟೆ ಮೇಲೆ ಮಲಗಿಸಿ, ಬಾಗಿಲ ಹತ್ತಿರ ಬಿಸಿಲ ಬೆಳಕಲ್ಲಿ ನೋಡಿ, ಟ್ಯೂಬ್‌ಲೈಟ್ ನಂಬಬೇಡಿ. ಮೊಬೈಲಲ್ಲಿ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ. ದಾರ ಬಟ್ಟೆಯೊಳಗೆ ಕರಗಿಹೋದರೆ ಅದನ್ನು ಕೊಳ್ಳಬೇಡಿ.

ಇದು ಹಳೇ ಸಮಸ್ಯೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂದಿತ್ತು. 1824ರಲ್ಲಿ ಅಲ್ಲಿ ಬಣ್ಣದ ಕೆಲಸಕ್ಕೆ ಸೇರಿದ ರಸಾಯನಶಾಸ್ತ್ರಜ್ಞ ಶೆವ್ರೆಲ್ ಪರೀಕ್ಷಿಸಿ ನೋಡಿದರೆ ನೂಲಿನ ಬಣ್ಣದಲ್ಲಿ ದೋಷವೇ ಇರಲಿಲ್ಲ, ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲುಗಳಿಂದ ಅದು ಹಾಗೆ ಕಾಣುತ್ತಿತ್ತು. ನಿಮ್ಮ ಅಂಗಡಿಯಲ್ಲೂ ಆಗಿದ್ದು ಇದೇ. ಅಲ್ಲಿ ಮೂರು ದಾರವೂ ಒಂದರ ಪಕ್ಕ ಒಂದಿದ್ದವು, ಕಪ್ಪು ಬಟ್ಟೆ ಮಾತ್ರ ಇರಲಿಲ್ಲ.

ಪ್ರಶ್ನೆ: ಹಳೇ ಸೀರೆಗಳ ಕೌದಿ ಹೊಲಿಯಬೇಕು. ಎಲ್ಲವೂ ಹೂವಿನ ಪ್ರಿಂಟು, ಜೋಡಿಸಿದರೆ ಕಲಸುಮೇಲೋಗರ ಆಗ್ತಿದೆ.
– ಓದುಗರೊಬ್ಬರು, ಹಾವೇರಿ

ಉತ್ತರ: ಒಂದೇ ಬಣ್ಣದ ಪ್ಲೇನ್ ಬಟ್ಟೆ ಬೇಕು ನಿಮಗೆ. ಹೂವಿನ ತುಂಡುಗಳ ನಡುವೆ ಅದನ್ನೇ ಪಟ್ಟಿ ಪಟ್ಟಿಯಾಗಿ ಕೂರಿಸಿ, ಅಂಚಿಗೂ ಅದೇ ಇರಲಿ. ಯಾವ ಬಣ್ಣ ಅಂತೀರಾ? ಹೆಚ್ಚು ಸೀರೆಗಳ ಹೂವಲ್ಲಿ ಯಾವುದು ಚೂರಾದರೂ ಇದೆಯೋ ಅದೇ.