ಬ್ಯಾರಿಯರ್ ದಾಟಿದರೂ ಹಳೇ ಅಂಕಿ ಏಕೆ?

ಪ್ರಶ್ನೆ: ಲೋಹದ ತಗಡಿನಲ್ಲಿ ಬಿಸಿ ಹರಡುವ ಲೆಕ್ಕವನ್ನು ಎಂಪಿಐನಲ್ಲಿ (ಒಟ್ಟಿಗೆ ಓಡುವ ಹಲವು ಪ್ರೋಸೆಸ್‌ಗಳು, ಅಂದರೆ ಒಂದೇ ಪ್ರೋಗ್ರಾಂನ ಪ್ರತಿಗಳು, ಅಂಕಿ ಹಂಚಿಕೊಳ್ಳುವ ವ್ಯವಸ್ಥೆ) ಬರೆದಿದ್ದೇನೆ. ಶುರುವಿನಲ್ಲೇ ‘ಲಾಕ್ ಆಲ್’ (ಎಲ್ಲ ಪ್ರೋಸೆಸ್‌ಗಳ ಹಂಚಿಕೆಯ ಮೆಮೊರಿಗೆ ಪ್ರವೇಶ ತೆರೆಯುವ ಕರೆ) ಹಾಕಿದ್ದೇನೆ. ಪ್ರತಿ ಸುತ್ತಿನಲ್ಲೂ ಒಂದೊಂದು ಪ್ರೋಸೆಸ್ ತನ್ನ ಅಂಚಿನ ಸಾಲನ್ನು ಪಕ್ಕದ ಪ್ರೋಸೆಸ್‌ನ ಮೆಮೊರಿಗೆ ‘ಪುಟ್’ ಮಾಡುತ್ತದೆ. ನಂತರ ಬ್ಯಾರಿಯರ್ (ಎಲ್ಲ ಪ್ರೋಸೆಸ್‌ಗಳೂ ಬರುವ ತನಕ ಕಾಯುವ ಕರೆ), ನಂತರ ಓದು. ಲ್ಯಾಪ್‌ಟಾಪ್‌ನಲ್ಲಿ 4 ಪ್ರೋಸೆಸ್ ಓಡಿಸಿದರೆ ಸರಿ. ಕಾಲೇಜಿನ ಕ್ಲಸ್ಟರ್‌ನಲ್ಲಿ (ನೆಟ್‌ವರ್ಕ್‌ನಿಂದ ಜೋಡಿಸಿದ ಹಲವು ಯಂತ್ರಗಳಲ್ಲಿ) ಮಾತ್ರ ಆಗಾಗ ಹಳೇ ಅಂಕಿ ಸಿಗುತ್ತದೆ. ನೆಟ್‌ವರ್ಕ್ ಕೆಟ್ಟಿದೆಯಾ ಸರ್?
— ಎಂ.ಟೆಕ್. ವಿದ್ಯಾರ್ಥಿ, ಪಾಷಾಣ್, ಪುಣೆ

ಉತ್ತರ: ಪಾಪ, ನೆಟ್‌ವರ್ಕ್ ಅನ್ನು ಬೈಯಬೇಡಿ.

1998ರಲ್ಲಿ ಧಾರವಾಡದಿಂದ ಬಂದು ಪುಣೆಯ ಸದಾಶಿವ ಪೇಠೆಯ ಒಂದು ವಾಡೆಯಲ್ಲಿ (ವಠಾರದಂಥ ಹಳೇ ಮನೆಯಲ್ಲಿ) ಬಾಡಿಗೆಗಿದ್ದೆ. ಪಕ್ಕದ ಮನೆಯ ಕಾಕೂಗೆ (ಮರಾಠಿಯಲ್ಲಿ ಚಿಕ್ಕಮ್ಮ) ನಮ್ಮ ಎಣ್ಣೆಗಾಯಿ ಪಲ್ಯ ಅಂದರೆ ಪ್ರಾಣ. ಡಬ್ಬಿಯನ್ನು ವಾಡೆಯ ಹುಡುಗನ ಕೈಗೆ ಕೊಟ್ಟು, ‘ಕಾಕೂ ಕಿಟಕಿಯಲ್ಲಿ ಇಟ್ಟು ಬಾ’ ಎಂದು ಹೇಳಿ ನನ್ನ ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆ ನಲ್ಲಿ ಹತ್ತಿರ ನಾನೂ ಕಾಕೂನೂ ಸಿಗುತ್ತಿದ್ದೆವು. ಹುಡುಗ ಅಂಗಳದಲ್ಲಿ ಗೋಲಿ ಆಡುತ್ತಿದ್ದ, ಡಬ್ಬಿ ಅವನ ಪಕ್ಕದಲ್ಲೇ!

ನಿಮ್ಮ ಬ್ಯಾರಿಯರ್ ಆ ನಲ್ಲಿ ಇದ್ದ ಹಾಗೆ. ಎಲ್ಲ ಪ್ರೋಸೆಸ್‌ಗಳೂ ಅಲ್ಲಿಗೆ ಬಂದವು ಅನ್ನುವುದಷ್ಟೇ ಅದಕ್ಕೆ ಗೊತ್ತು. ಡಬ್ಬಿ ತಲುಪಿತಾ ಅನ್ನುವುದು ಅದರ ಉಸಾಬರಿಯಲ್ಲ. ‘ಪುಟ್’ ಕರೆ ಮುಗಿದು ಕೋಡ್‌ನ ಮುಂದಿನ ಸಾಲಿಗೆ ಬಂದಿರಿ ಅಂದರೆ ಹುಡುಗನ ಕೈಗೆ ಕೊಟ್ಟಿರಿ ಅಂತ ಅರ್ಥ, ಅಷ್ಟೇ. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಪ್ರೋಸೆಸ್‌ಗಳೂ ಒಂದೇ ಯಂತ್ರದ ಮೆಮೊರಿಯಲ್ಲಿರುತ್ತವೆ. ಅಲ್ಲಿ ನಕಲು ಸಾಮಾನ್ಯವಾಗಿ ಆ ಕ್ಷಣವೇ ಆಗಿಬಿಡುತ್ತದೆ, ಹಾಗಾಗಿ ತಪ್ಪು ಬಚ್ಚಿಟ್ಟುಕೊಂಡಿತ್ತು.

ನಿಮ್ಮ ಲೆಕ್ಕದಲ್ಲಿ ಎಲ್ಲರೂ ಸುತ್ತು ಸುತ್ತಿಗೂ ಜೊತೆಯಾಗಿ ಹೆಜ್ಜೆ ಹಾಕುತ್ತಾರೆ, ಅಲ್ವಾ? ಹಾಗಿದ್ದರೆ ಲಾಕ್ ಆಲ್ ತೆಗೆಯಿರಿ, ಬ್ಯಾರಿಯರ್ ಕೂಡ ಬೇಡ. ‘ಪುಟ್’ಗಳ ಮುಂಚೆ ಒಂದು ‘ವಿನ್ ಫೆನ್ಸ್’ (ಅಲ್ಲಿಯವರೆಗಿನ ‘ಪುಟ್’ಗಳೆಲ್ಲ ತಲುಪಿದ ಮೇಲೇ ಮುಂದೆ ಬಿಡುವ ಬೇಲಿ), ಆದ ಮೇಲೆ ಒಂದು. ಎರಡನೇ ಫೆನ್ಸ್ ದಾಟಿದ ಮೇಲೆ ಸಾಲು ಬಂದೇ ಬಂದಿರುತ್ತದೆ. ಫೆನ್ಸ್ ಅನ್ನು ಎಲ್ಲ ಪ್ರೋಸೆಸ್‌ಗಳೂ ಕರೆಯಬೇಕು, ಒಂದು ಮರೆತರೂ ಮಿಕ್ಕವು ಕಾಯುತ್ತಾ ಕೂರುತ್ತವೆ. ಎರಡು ಫೆನ್ಸ್‌ಗಳ ನಡುವೆ ಸುಮ್ನೆ ಕೂರಬೇಡಿ, ನೆರೆಯವರ ಅಂಕಿ ಬೇಡದ ಒಳಗಿನ ಸಾಲುಗಳ ಲೆಕ್ಕ ಮುಗಿಸಿಕೊಳ್ಳಿ. ನೆರೆಯವರ ಸಾಲು ಬಂದು ಬೀಳುವ ಜಾಗವನ್ನಷ್ಟೇ ವಿಂಡೋ (ಬೇರೆ ಪ್ರೋಸೆಸ್‌ಗಳು ನೇರವಾಗಿ ಬರೆಯಬಹುದಾದ ಮೆಮೊರಿ) ಮಾಡಿ, ಆಗ ತಲೆನೋವು ಕಡಿಮೆ.

ಲಾಕ್ ಆಲ್ ಇರಲೇಬೇಕು ಅಂದರೆ ಬ್ಯಾರಿಯರ್‌ಗೆ ಮುಂಚೆ ‘ಫ್ಲಶ್ ಆಲ್’ (ಕಳಿಸಿದ್ದೆಲ್ಲ ತಲುಪುವವರೆಗೆ ಕಾಯುವ ಕರೆ), ಬ್ಯಾರಿಯರ್ ಆದ ಮೇಲೆ ‘ವಿನ್ ಸಿಂಕ್’ (ಬಂದ ಹೊಸ ಅಂಕಿ ಓದುವವರಿಗೆ ಕಾಣುವಂತೆ ಮಾಡುವ ಕರೆ), ಆಮೇಲೆ ಓದು. ‘ಲಾಕ್ ಆಲ್’, ‘ಫ್ಲಶ್ ಆಲ್’, ‘ವಿನ್ ಸಿಂಕ್’ 2012ರ ಎಂಪಿಐ-3ರಲ್ಲಿ ಬಂದವು. ‘ಪುಟ್’, ‘ಫೆನ್ಸ್’ 1997ರ ಎಂಪಿಐ-2ರಷ್ಟು ಹಳೆಯವು.

ಮತ್ತೆ ಒಂದು. ಕಳಿಸುವ ಸಾಲನ್ನು ಎರಡನೇ ಫೆನ್ಸ್ ದಾಟುವವರೆಗೆ ತಿದ್ದಬೇಡಿ. ಒಂದೇ ಬಫರ್‌ನಲ್ಲಿ (ಕಳಿಸುವ ಅಂಕಿ ಇಡುವ ಜಾಗದಲ್ಲಿ) ಹೊಸ ಹೊಸ ಅಂಕಿ ತುಂಬುತ್ತಾ ಎಂಟು ಪ್ರೋಸೆಸ್‌ಗಳಿಗೆ ‘ಪುಟ್’ ಮಾಡಿದ ಜಾಣ ನಾನು. ಹೆಚ್ಚಿನವಕ್ಕೆ ಕೊನೆಯ ಅಂಕಿಯೇ ಹೋಗಿತ್ತು. ಅದನ್ನು ಹಿಡಿಯಲು ಮೂರು ದಿನ ಬೇಕಾಯಿತು.