ಅರ್ಥ್ ಪಿನ್ ಮುರಿಯಬೇಡಿ

ಪ್ರಶ್ನೆ: ಮೊದಲ ಸಲ ನಾನೇ ಡೆಸ್ಕ್‌ಟಾಪ್ ಜೋಡಿಸಿದೆ. ಚೆನ್ನಾಗಿ ಓಡುತ್ತಿದೆ. ಆದರೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಅಂಗಡಿಯವರು ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಒಳಗಿನ ಪೆಟ್ಟಿಗೆ) ಬದಲಿಸಿ ಅಂದರು. ಮೆಕ್ಯಾನಿಕ್ ಪ್ಲಗ್ಗಿನ ದಪ್ಪ ಪಿನ್, ಅಂದರೆ ಅರ್ಥ್ ಪಿನ್, ತೆಗೆದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ?
- ಓದುಗರು, ಸೇಡಂ

ಇಬ್ಬರ ಮಾತನ್ನೂ ಕೇಳಬೇಡಿ. ಬೇಸಿಗೆ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಸಲವೂ ಯಾರೋ ಒಬ್ಬರು ಪಿನ್ ಮುರಿಯಲು ಹೇಳಿರುತ್ತಾರೆ. ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ನಿಮ್ಮ ಎಸ್‌ಎಂಪಿಎಸ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಕರೆಂಟಿನ ಗಲೀಜನ್ನು ಸೋಸಲು ಅದರ ಒಳಗೆ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಬಂದು ಲೋಹದ ಬಾಡಿಗೆ ಸೇರುತ್ತವೆ. ಆ ಗಲೀಜು ಅರ್ಥ್ ವೈರ್ ಹಿಡಿದು ನೆಲಕ್ಕೆ ಹೋಗಬೇಕು. ಅರ್ಥ್ ಇಲ್ಲದಿದ್ದರೆ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ಕ್ಯಾಬಿನೆಟ್ ಮೇಲೇ ನಿಲ್ಲುತ್ತದೆ. ಹರಿಯುವ ಕರೆಂಟು ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಗೊತ್ತಾಗುವುದಿಲ್ಲ, ಒರೆಸಿದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಿಟ್ಟರೆ ತಕ್ಷಣ ಗೊತ್ತಾಗುತ್ತದೆ. ಆದರೆ ನಾಳೆ ಒಳಗೆ ನಿಜವಾಗಿಯೂ ಫೇಸ್ ವೈರ್ ಬಾಡಿಗೆ ತಾಗಿದರೆ ಅದು ಬರೀ ಜುಮ್ಮಿಗೆ ಮುಗಿಯುವುದಿಲ್ಲ. ಆಗ ಕಾಯಬೇಕಾದದ್ದೇ ಆ ದಪ್ಪ ಪಿನ್.

ಮೊದಲು ಎಕ್ಸ್‌ಟೆನ್ಷನ್ ಬಾಕ್ಸ್ ನೋಡಿ. ಎರಡು ಪಿನ್ನಿನದಾಗಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಮೂರು ಪಿನ್ನಿನದಾಗಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಮಲ್ಟಿಮೀಟರ್‌ನಲ್ಲಿ ಅಳೆಸಿ. ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು, ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್-ಅರ್ಥ್ ನಡುವೆ ಎರಡು-ಮೂರು ವೋಲ್ಟ್ ದಾಟದಿದ್ದರೆ ಒಳ್ಳೆಯದು. ಫೇಸ್-ಅರ್ಥ್ ರೀಡಿಂಗ್ ಕಡಿಮೆ ಬಂದು ಓಲಾಡುತ್ತಿದ್ದರೆ ಅರ್ಥ್ ವೈರ್ ಎಲ್ಲಿಗೂ ಸೇರಿಲ್ಲ ಎಂದೇ ತಿಳಿಯಿರಿ. ಒಂದು ಮನೆಯಲ್ಲಿ ಆ ಹಸಿರು ವೈರ್ ಹಿಡಿದು ಹೋದೆ. ಗೋಡೆ ದಾಟಿ ಹಿತ್ತಿಲಿಗೆ ಬಂದು, ತುಳಸಿಕಟ್ಟೆ ಹಿಂದೆ ತುಕ್ಕು ಹಿಡಿದ ಒಂದು ಮೊಳೆಗೆ ಸುತ್ತಿತ್ತು. ಆ ಮನೆಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಮೂವತ್ತು ಸಾವಿರ ಕೊಟ್ಟಿದ್ದರು.

ಅರ್ಥಿಂಗ್ ಗುಂಡಿ ಇದ್ದರೂ ಸಾಲದು. ನಮ್ಮ ಎರೆಮಣ್ಣು ಮೇ ತಿಂಗಳಲ್ಲಿ ಬಿರುಕು ಬಿಟ್ಟು ರಾಡ್‌ನಿಂದ ದೂರ ಸರಿಯುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ.

ಇನ್ನೊಂದು ಕೆಟ್ಟ ಚಾಳಿ ಇದೆ. ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ವೈರ್ ಹಾಕಿಬಿಡುತ್ತಾರೆ. ಜುಮ್ ಅನ್ನುವುದು ನಿಲ್ಲುತ್ತದೆ, ಮನೆಯವರು ದುಡ್ಡು ಕೊಟ್ಟು ಕಳಿಸುತ್ತಾರೆ. ಮಳೆಗಾಲದ ಗಾಳಿಗೆ ನ್ಯೂಟ್ರಲ್ ಕಡಿದ ದಿನ 230 ವೋಲ್ಟ್ ಪೂರ್ತಿ ಕ್ಯಾಬಿನೆಟ್ ಮೇಲೆ ಬಂದು ಕೂರುತ್ತದೆ. ಹಾಗೆ ಮಾಡಿದವರನ್ನು ಮತ್ತೆ ಮನೆಗೆ ಕರೆಯಬೇಡಿ. ನಾನಂತೂ ಅರ್ಥಿಂಗ್ ನೋಡದೆ ಯಾರ ಮನೆಯಲ್ಲೂ ಪಿಸಿ ಆನ್ ಮಾಡುವುದಿಲ್ಲ.

ಪ್ರಶ್ನೆ: ಕ್ಯಾಬಿನೆಟ್ ಜೊತೆ 450 ವ್ಯಾಟ್ ಎಸ್‌ಎಂಪಿಎಸ್ ಫ್ರೀ ಬಂದಿದೆ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿಗೆ ಸಾಕಲ್ವಾ?
- ಓದುಗರು, ಬೀದರ್

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಬಿಡಿ. ಲೇಬಲ್‌ನಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ನೋಡಿ. 16 ಎಂದಿದ್ದರೆ ಕೈಗೆ ಸಿಗುವುದು 192 ವ್ಯಾಟ್ ಮಾತ್ರ. ಆ ಕಾರ್ಡ್ ಒಂದೇ 115 ವ್ಯಾಟ್ ಕೇಳುತ್ತದೆ. ಒಳ್ಳೆಯ ಕಂಪನಿಯ 550 ವ್ಯಾಟಿನದು ತನ್ನಿ. ಕಾರ್ಡಿಗೆ ಹಾಕುವ ಕನೆಕ್ಟರ್ ಇಲ್ಲವೆಂದು ಹಳೆ ಹಾರ್ಡ್‌ಡಿಸ್ಕ್ ವೈರಿಗೆ ಕನ್ವರ್ಟರ್ ಸಿಕ್ಕಿಸಬೇಡಿ, ಕರಗಬಹುದು.

ಪ್ರಶ್ನೆ: ಪ್ರೊಸೆಸರ್ ಬಿಸಿ ಇಳಿಸಲು ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಸಿಗಲಿಲ್ಲ. ಟೂತ್‌ಪೇಸ್ಟ್ ಹಚ್ಚಬಹುದಾ?
- ಓದುಗರು, ಶಹಾಪುರ

ಬೇಡ. ಒಣಗಿ ಪುಡಿಯಾಗುತ್ತದೆ.

ಪ್ರಶ್ನೆ: ಎಲ್ಲ ಜೋಡಿಸಿದೆ, ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುತ್ತಿಲ್ಲ.
- ಓದುಗರು, ಆಳಂದ

ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಹಾಕಿದ್ದೀರಿ ಅನಿಸುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಆಗಲೂ ಬರದಿದ್ದರೆ ರ‍್ಯಾಮ್ ತೆಗೆದು, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ.

ಪ್ರಶ್ನೆ: ಮೇ ತಿಂಗಳಲ್ಲಿ ಕ್ಯಾಬಿನೆಟ್ ಬಾಗಿಲು ತೆಗೆದು ಕೂಲರ್ ಎದುರಿಗೆ ಇಡಬಹುದಾ?
- ಓದುಗರು, ಕಲಬುರಗಿ

ಬೇಡವೇ ಬೇಡ. ಕೂಲರ್ ಗಾಳಿಯಲ್ಲಿ ತೇವ ಇರುತ್ತದೆ, ಒಮ್ಮೊಮ್ಮೆ ಹನಿಯೂ ಹಾರುತ್ತದೆ. ಅದು ದೂಳಿನ ಜೊತೆ ಬೋರ್ಡಿನ ಮೇಲೆ ಕೂತರೆ ಶಾರ್ಟ್ ಆಗಬಹುದು. ಕೂಲರ್ ನಿಮಗೆ ಬೀಸಲಿ. ಪಿಸಿ ಗೋಡೆಯಿಂದ ಒಂದು ಗೇಣು ದೂರ ಇರಲಿ, ಬಾಗಿಲು ಮುಚ್ಚಿರಲಿ.